ಪುಟ್ಟಿಗೆ, ಐದು ಲೋಟ ನೀರಿನ ವಿಷಯ

ಪುಟ್ಟಿ, ಚಿಕ್ಕಮ್ಮ ಮಾತಾಡುತ್ತಿದ್ದೇನೆ. ಗ್ರೂಪಲ್ಲಿ ನೀನು ಹಾಕಿದ್ದು ಈಗ ನೋಡಿದೆ. ರೇಡಿಯೋದಲ್ಲಿ ಆರೋಗ್ಯ ಕಾರ್ಯಕ್ರಮಕ್ಕೆ ಎಡಿಟರ್ ಕೆಲಸ ಸಿಕ್ಕಿದೆ, ಸೇರಲಾ ಬೇಡವಾ ಅಂತ ಕೇಳಿದ್ದೀಯ. ಅದರ ಕೆಳಗೆ ಭಾವ, "ಹೆಸರೂ ಬರಲ್ಲ, ಮುಖವೂ ಕಾಣಲ್ಲ, ಬೇರೆಯವರ ಮಾತು ಕತ್ತರಿಸುವುದೂ ಒಂದು ಕೆಲಸವಾ" ಅಂತ ಬರೆದಿದ್ದಾರೆ. ಭಾವ, 27 ವರ್ಷ ನಾನು ಮಾಡಿದ್ದು ಅದನ್ನೇ ಅಲ್ವಾ. ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ, ತೋಟಕ್ಕೆ ಇಳಿಯುವ ಹಾಗಿಲ್ಲ. ಕೂತು ಪೂರ್ತಿ ಹೇಳುತ್ತೇನೆ, ಕೇಳಿ.

ನಾನು ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಎಲ್ಲಾ ಸ್ಪೂಲ್ ಟೇಪು. ಸೆಕೆಂಡಿಗೆ 7.5 ಇಂಚು ಓಡುತ್ತಿತ್ತು. ಬೇಡದ ಮಾತು ಎಲ್ಲಿ ಶುರುವಾಗುತ್ತದೆ ಅಂತ ಹುಡುಕಲು ಸ್ಪೂಲನ್ನು ಕೈಯಲ್ಲೇ ಹಿಂದೆ ಮುಂದೆ ತಿರುಗಿಸಬೇಕು. ಸಿಕ್ಕಿದ ಕಡೆ ಹಳದಿ ಪೆನ್ಸಿಲಿನ ಗುರುತು. ಬ್ಲೇಡಿನಲ್ಲಿ ಓರೆಯಾಗಿ ಒಂದು ಗೀರು. ನೇರ ಕತ್ತರಿಸಿದರೆ ಜೋಡಿಸಿದ ಜಾಗದಲ್ಲಿ ‘ಟಪ್’ ಅಂತ ಕೇಳಿಬಿಡುತ್ತದೆ. ಎರಡು ತುದಿ ಕೂಡಿಸಿ ಅಂಟುಪಟ್ಟಿ ಹಾಕಿ ಉಗುರಿನಿಂದ ತಿಕ್ಕಿದರೆ ಆಯಿತು.

ಒಂದು ಮಳೆಗಾಲ ವಾಂತಿ ಭೇದಿ ಬಗ್ಗೆ ಒಬ್ಬ ಡಾಕ್ಟರ ಮಾತು ರೆಕಾರ್ಡ್ ಮಾಡಿದೆ. ಅವರು ‘ನಿರ್ಜಲೀಕರಣ’ ಅಂದರು, ಅಂದರೆ ಮೈಯ ನೀರು ಬತ್ತುವುದು. ಸರ್, ಮಗುವಿಗೆ ಅದು ಆಗಿದೆ ಅಂತ ತಾಯಿಗೆ ಹೇಗೆ ಗೊತ್ತಾಗಬೇಕು ಅಂತ ಕೇಳಿದೆ. ಆಗ ಮಾತು ಸರಾಗವಾಯಿತು. ಕಣ್ಣು ಗುಳಿ ಬಿದ್ದಿರುತ್ತದೆ, ಅತ್ತರೆ ನೀರು ಬರಲ್ಲ, ಮೂತ್ರ ಕಡಿಮೆ ಆಗುತ್ತದೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಬೇಗ ಇಳಿಯಲ್ಲ. ಅಷ್ಟನ್ನೂ ಹಾಗೇ ಇಟ್ಟೆ. ಆಮೇಲೆ ಮನೆಯಲ್ಲೇ ಮಾಡುವ ಉಪ್ಪು ಸಕ್ಕರೆ ನೀರಿನ ವಿವರ ಬಂತು. ಮಧ್ಯದಲ್ಲಿ ಡಾಕ್ಟರಿಗೆ ಜೋರು ಕೆಮ್ಮು. ಕೆಮ್ಮು ತೆಗೆದೆ. ಅದರ ಬೆನ್ನಿಗೇ ಇದ್ದ ನಾಲ್ಕು ಮಾತೂ ಹೋಯಿತು. ಕೇಳಲು ಬಹಳ ಚೊಕ್ಕವಾಗಿತ್ತು, ನನಗೇ ಖುಷಿಯಾಗಿತ್ತು.

ಹತ್ತು ದಿನ ಬಿಟ್ಟು ಒಂದು ಕಾರ್ಡು ಬಂತು. ತೋಟದ ಲೈನ್ ಮನೆಯಿಂದ, ಶಾಲೆಗೆ ಹೋಗುವ ಹುಡುಗಿಯ ಅಕ್ಷರ. ರೇಡಿಯೋದಲ್ಲಿ ಹೇಳಿದ ಹಾಗೆ ಅಮ್ಮ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಲೋಟಕ್ಕೆ ಹಾಕಿ ಕದಡಿದರು, ತಮ್ಮ ಒಂದು ಗುಟುಕು ಕುಡಿದು ಕಕ್ಕಿದ, ಎಷ್ಟು ನೀರು ಹಾಕಬೇಕು ಅಂತ ಕೇಳಿದ್ದಳು.

ನನ್ನ ಕೈಕಾಲು ತಣ್ಣಗಾಯಿತು. ಓಡಿ ಹೋಗಿ ಮೂಲ ಟೇಪು ಹಾಕಿದೆ. ಕೆಮ್ಮಿನ ಹಿಂದೆ ಇತ್ತು: "ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ." ಎರಡು ಸೆಕೆಂಡು. ಹದಿನೈದು ಇಂಚು ಟೇಪು. ಒಂದು ಲೀಟರಿಗೆ ಹಾಕುವುದನ್ನು ಒಂದು ಲೋಟಕ್ಕೆ ಹಾಕಿದರೆ ಉಪ್ಪು ವಿಪರೀತ ಆಗುತ್ತದೆ, ಜಾಸ್ತಿ ಸಕ್ಕರೆ ಕರುಳಿಗೆ ಇನ್ನಷ್ಟು ನೀರೆಳೆದು ಭೇದಿ ಹೆಚ್ಚಿಸುತ್ತದೆ. ಆ ಮಗು ಕುಡಿಯದೆ ಇದ್ದದ್ದೇ ಒಳ್ಳೆಯದಾಯಿತು.

ಮಾರನೆ ದಿನವೇ ಹೋದೆ. ಹುಡುಗ ಅಂಗಳದಲ್ಲಿ ಆಡುತ್ತಿದ್ದ. ಕೂತು ಅವನ ತಾಯಿಯ ಹತ್ತಿರ ಮಾತಾಡಿದಾಗ ಇನ್ನೊಂದು ವಿಷಯ ತಿಳಿಯಿತು. ನಾನು ಲೀಟರ್ ಅಂತ ಹೇಳಿದ್ದರೂ ಆ ಮನೆಯಲ್ಲಿ ಅಳೆಯಲು ಏನೂ ಇರಲಿಲ್ಲ. ಇದ್ದದ್ದು ಸ್ಟೀಲ್ ಲೋಟ. ಅಳತೆ ಪಾತ್ರೆ ತಂದು ನೋಡಿದರೆ ಲೋಟಕ್ಕೆ 200 ಮಿ.ಲೀ. ಹಿಡಿಯಿತು. ಆ ವಾರ ತಿದ್ದಿದ ಕಾರ್ಯಕ್ರಮದಲ್ಲಿ ಹೀಗೆ ಹೇಳಿದೆವು: 200 ಮಿ.ಲೀ. ಹಿಡಿಯುವ ಲೋಟದಲ್ಲಿ ಕುದಿಸಿ ಆರಿಸಿದ ಐದು ಲೋಟ ನೀರು, ತಲೆ ಸವರಿದ ಆರು ಟೀ ಚಮಚ ಸಕ್ಕರೆ, ತಲೆ ಸವರಿದ ಅರ್ಧ ಟೀ ಚಮಚ ಉಪ್ಪು. ಎರಡು ಸಲ ಓದಿಸಿದೆ. ಪೇಪರಾದರೆ ಜನ ಮತ್ತೆ ತಿರುಗಿಸಿ ಓದುತ್ತಾರೆ, ರೇಡಿಯೋ ಮಾತು ಹೋದರೆ ಹೋಯಿತು.

ಇದೇ ಉಪ್ಪು ಸಕ್ಕರೆ ನೀರಿನ ಕಥೆಯಲ್ಲಿ ರೇಡಿಯೋ ಮೊದಲಿಂದಲೂ ಇದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾಕ್ಟರ್ ದಿಲೀಪ್ ಮಹಾಲನಬೀಸ್ ಅವರು ಡ್ರಿಪ್ ಬಾಟಲಿ ಸಾಲದೆ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರು ಕುಡಿಸಿದರು. ನೂರಕ್ಕೆ 30 ಜನ ಸಾಯುತ್ತಿದ್ದ ಕಡೆ ಸಾವು 4ಕ್ಕೂ ಕಡಿಮೆ ಆಯಿತು. ಬೆರೆಸುವ ವಿಧಾನವನ್ನು ಆಗ ಬಾಂಗ್ಲಾದ ಒಂದು ಗುಪ್ತ ರೇಡಿಯೋ ಕೇಂದ್ರ ಬಿತ್ತರಿಸಿತ್ತು. ಭಾವ, ಅಲ್ಲೂ ಯಾರೋ ಕೂತು ಯಾವ ವಾಕ್ಯ ಇರಬೇಕು ಅಂತ ನೋಡಿರುತ್ತಾರೆ. ಅವರ ಹೆಸರು ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಈಗೇನು ಈ ಕೆಲಸ ಮುಗಿಯಿತು ಅಂದುಕೊಳ್ಳಬೇಡ, ಪುಟ್ಟಿ. ಇದೇ ನೀರು ಮಾಡಲು ಪೊಟ್ಟಣದಲ್ಲಿ ಸಿಗುವ ಪುಡಿಗೆ ಓಆರ್‌ಎಸ್ ಅನ್ನುತ್ತಾರೆ. ಓಆರ್‌ಎಸ್ ಅಂತ ಹೆಸರಿಟ್ಟ ಸಿಹಿ ಪಾನೀಯ ಅಂಗಡಿಯಲ್ಲಿ ಎಷ್ಟು ವರ್ಷ ಮಾರಾಟವಾಯಿತು! ಸರಿಯಾದ ಪುಡಿಯಲ್ಲಿ ಲೀಟರಿಗೆ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ, ಆ ಪಾನೀಯಗಳಲ್ಲಿ ಸಕ್ಕರೆ ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದ ಇರಬಾರದು ಅಂತ ಆದೇಶಿಸಿತು. ಸಂತೆಗೆ ಬರುವ ತಾಯಂದಿರಿಗೆ ಇದನ್ನು ಕನ್ನಡದಲ್ಲಿ, ಕೊಡವ ತಕ್ಕಿನಲ್ಲಿ, ಅರೆಭಾಷೆಯಲ್ಲಿ ಬಿಡಿಸಿ ಹೇಳುವವರು ಬೇಕು.

ಸೇರು. ಕಂಪ್ಯೂಟರಿನಲ್ಲಿ ಕತ್ತರಿಸುವುದು ಸುಲಭ, ಅದಕ್ಕೇ ಜಾಸ್ತಿ ಭಯ. ಮೂಲ ರೆಕಾರ್ಡಿಂಗ್ ಯಾವತ್ತೂ ಅಳಿಸಬೇಡ. ಕತ್ತರಿಸಿದ ಮೇಲೆ ಕಣ್ಣು ಮುಚ್ಚಿ, ಕೈಯಲ್ಲಿ ಒಂದು ಲೋಟ ಹಿಡಿದು ಕೇಳು. ಹೇಳಿದ್ದನ್ನು ಮಾಡಲು ಆಗುತ್ತದಾ ನೋಡು. ಆಗದಿದ್ದರೆ ಡಾಕ್ಟರಿಗೆ ಮತ್ತೆ ಫೋನ್ ಮಾಡು, ರಾತ್ರಿ ಆದರೂ ಸರಿ. ಭಾವ, ನೀವು ಅವಳನ್ನು ಸೋಮವಾರ ಬಸ್ ಸ್ಟ್ಯಾಂಡ್ ತನಕ ಬಿಟ್ಟು ಬನ್ನಿ.