ಹಿರಿಯರ ನೆನಪು ರೆಕಾರ್ಡ್ ಮಾಡುವಾಗ ಕೂಡಿಸಿ ಕೇಳಬೇಕೋ, ಒಬ್ಬೊಬ್ಬರನ್ನೇ ಕೇಳಬೇಕೋ?

ಸಾಧನಕೇರಿ: 1982ರ ಗೋಕಾಕ್ ಚಳವಳಿಯ ಬಗ್ಗೆ ಧಾರವಾಡದ ನಾಲ್ವರು ಹಿರಿಯರ ನೆನಪು ರೆಕಾರ್ಡ್ ಮಾಡುವುದಿದೆ. ನಾಲ್ವರೂ ಹಳೇ ಗೆಳೆಯರು. ಕೂಡಿಸಿದರೆ ಒಬ್ಬರು ಮರೆತದ್ದನ್ನು ಇನ್ನೊಬ್ಬರು ಎತ್ತಿಕೊಡುತ್ತಾರೆ ಅಂತಾರೆ. ಒಬ್ಬರ ತಪ್ಪು ಎಲ್ಲರಿಗೂ ಅಂಟುತ್ತದೆ ಅಂತಲೂ ಅಂತಾರೆ. ಯಾವುದು ಖರೆ?

ಸಪ್ತಾಪುರ: ಎರಡೂ ಖರೇನರಿ, ಅದಕ್ಕ ಯಾವುದು ಮೊದಲು ಅನ್ನೋದು ಮುಖ್ಯ. ಮೊದಲು ನಾಲ್ವರನ್ನೂ ಬ್ಯಾರೆ ಬ್ಯಾರೆ ಕೂಡಿಸ್ರಿ. ಒಂದೇ ದಿನ ಮುಗಿಸಿದ್ರ ಛಲೋ, ಇಲ್ಲಾಂದ್ರ ಸಂಜೀಕ ಕಟ್ಟಿ ಮ್ಯಾಲೆ ಅದನ್ನ ಮಾತಾಡಿಬಿಡ್ತಾರ. "ಮೆರವಣಿಗಿ ದಿನದ್ದು ನೆನಪಿದ್ದದ್ದೆಲ್ಲಾ ಹೇಳ್ರಿ" ಅಂದು ಸುಮ್ನ ಕೂಡ್ರಿ, ನಡುವ ಬಾಯಿ ಹಾಕಬ್ಯಾಡ್ರಿ. "ಮಳಿ ಬಂದಿತ್ತಲ್ರಿ?" ಅಂತ ಕೇಳಿದ್ರ ಇಲ್ಲದ ಮಳೀನೂ ನೆನಪಿನ್ಯಾಗ ಸೇರತೈತಿ. ಹಳೇ ಫೋಟೋ, ಪೇಪರ್ ಕಟಿಂಗ್ ಆಮ್ಯಾಲೆ ತೋರಿಸ್ರಿ.

ಬೆಟಗೇರಿ: ಕೂಡಿಸಿದರೆ ಹೆಚ್ಚು ಸಿಗುತ್ತದೆ ಅನ್ನುವುದು ಅರ್ಧ ಮಾತ್ರ ನಿಜ. 1997ರಲ್ಲಿ ವೆಲ್ಡನ್, ಬೆಲಿಂಜರ್ ಎಂಬ ಮನೋವಿಜ್ಞಾನಿಗಳು ಮೂರು ಮೂರು ಜನರ ಗುಂಪಿನ ಮೇಲೆ ಪರೀಕ್ಷೆ ಮಾಡಿದರು. ಒಬ್ಬರಿಗಿಂತ ಗುಂಪಿಗೆ ಹೆಚ್ಚು ನೆನಪಾಯಿತು. ಆದರೆ ಮೂವರು ಬೇರೆ ಬೇರೆ ನೆನಪಿಸಿಕೊಂಡದ್ದನ್ನು, ಎರಡೆರಡು ಸಲ ಬಂದದ್ದು ಬಿಟ್ಟು, ಕೂಡಿಸಿ ನೋಡಿದರೆ ಗುಂಪಿನದೇ ಕಡಿಮೆ! ಪ್ರತಿಯೊಬ್ಬರೂ ತಮ್ಮದೇ ಎಳೆ ಹಿಡಿದು ನೆನಪಿಸಿಕೊಳ್ಳುತ್ತಾರೆ. ಒಬ್ಬರು ಕಾಲೇಜು ಗೇಟಿನಿಂದ ಹೊರಟರೆ ಇನ್ನೊಬ್ಬರು ಘೋಷಣೆಯಿಂದ. ನಡುವೆ ಬೇರೆಯವರ ಮಾತು ಬಿದ್ದರೆ ಆ ಎಳೆ ಹರಿಯುತ್ತದೆ. ಗುಂಪಿನ ಲಾಭ ಸಿಗುವುದು ಆಮೇಲೆ, ಮತ್ತೆ ಒಬ್ಬರನ್ನೇ ಕೇಳಿದಾಗ. ಆದ್ದರಿಂದ ಒಂಟಿ, ಗುಂಪು, ಮತ್ತೆ ಒಂಟಿ, ಹೀಗೆ ಮೂರು ಸುತ್ತು ಮಾಡಿ. ಒಂದೊಂದು ಸುತ್ತಿನ ರೆಕಾರ್ಡಿಂಗ್ ಫೈಲುಗಳನ್ನು ಬೆರೆಸಬೇಡಿ.

ಗುಂಪಿನಲ್ಲಿ ಸರದಿ ಇಡಬೇಡಿ. ತಮ್ಮ ಪಾಳಿ ಬಂತೆಂದು ಏನಾದರೂ ಹೇಳಲೇಬೇಕಾದಾಗ ಊಹೆ ಸೇರುತ್ತದೆ. ಮುಕ್ತವಾಗಿ ಮಾತಾಡಲು ಬಿಟ್ಟರೆ "ಏ, ಅದು ಅವತ್ತಲ್ಲೋ" ಎಂದು ಒಬ್ಬರನ್ನೊಬ್ಬರು ತಿದ್ದುತ್ತಾರೆ, ತಪ್ಪು ಕಡಿಮೆಯಾಗುತ್ತದೆ.

ಹಾವೇರಿ ಓದುಗ: ತಪ್ಪು ಅಂಟುವ ಬಗ್ಗೆ 2003ರ ಗ್ಯಾಬರ್ಟ್, ಮೆಮನ್, ಆಲನ್ ಪ್ರಯೋಗ ನೋಡಿ. ಒಂದೇ ಘಟನೆಯ ವಿಡಿಯೊವನ್ನು ಜೋಡಿಯ ಇಬ್ಬರಿಗೆ ಎರಡು ಬೇರೆ ಕೋನಗಳಿಂದ ತೋರಿಸಿದರು. ಹುಡುಗಿಯ ಕೈಯಲ್ಲಿದ್ದ ಪುಸ್ತಕದ ಹೆಸರು ಒಬ್ಬರಿಗೆ ಕಾಣುತ್ತಿತ್ತು, ಹಣ ಕದ್ದದ್ದು ಇನ್ನೊಬ್ಬರಿಗೆ. ಮಾತಾಡಿಕೊಂಡವರಲ್ಲಿ 71% ಜನ ತಾವು ನೋಡದೇ ಇದ್ದ ಒಂದಾದರೂ ವಿವರವನ್ನು ಆಮೇಲೆ ವರದಿ ಮಾಡಿದರು.

ಸಾಧನಕೇರಿ: ಇವರು ವರ್ಷಗಟ್ಟಲೆ ಇದನ್ನೇ ಮಾತಾಡಿಕೊಂಡವರು. ಈಗ ಬೇರೆ ಬೇರೆ ಕೂಡಿಸಿ ಕೇಳಿ ಉಪಯೋಗ ಇದೆಯೇ?

ಹಾವೇರಿ ಓದುಗ: ಇದೆ. ಆದರೆ ನಾಲ್ವರೂ ಒಂದೇ ಹೇಳಿದರೆ ನಾಲ್ಕು ಸಾಕ್ಷಿ ಎಂದು ಎಣಿಸಬೇಡಿ, ಮೂಲ ಒಂದೇ ಇರಬಹುದು. ಪ್ರತಿ ವಿವರಕ್ಕೂ "ಇದನ್ನ ನೀವ ಕಣ್ಣಾರೆ ನೋಡಿದ್ರೋ, ಯಾರಾದ್ರೂ ಹೇಳಿದ್ರೋ?" ಎಂದು ಕೇಳಿ, ಉತ್ತರವನ್ನು ಪಕ್ಕದ ಕಾಲಮ್ಮಿನಲ್ಲಿ ಬರೆಯಿರಿ. ತಾರೀಖು, ದಾರಿ, ಮಳೆ ಇಂಥವನ್ನು ಆ ದಿನಗಳ ಸಂಯುಕ್ತ ಕರ್ನಾಟಕದ ಸಂಚಿಕೆಗಳಲ್ಲಿ ನೋಡಿ. ಹೊಂದದ ವಿವರವನ್ನು ಅಳಿಸದೆ ಯಾರು, ಯಾವ ಸುತ್ತಿನಲ್ಲಿ ಹೇಳಿದರು ಎಂದು ನಮೂದಿಸಿ ಇಟ್ಟುಕೊಳ್ಳಿ.