ದಕ್ಷಿಣ ಡೆವನ್ (ಇಂಗ್ಲೆಂಡ್): ಅಭ್ಯರ್ಥಿ ಆಯ್ಕೆ ಎಲ್ಲ ಮತದಾರರಿಗೆ ಬಿಡಬೇಕೋ, ಸದಸ್ಯರಿಗೋ? ಅನುಭವ ಇದ್ದವರು ಹೇಳಿ

ಕಿಂಗ್ಸ್‌ಬ್ರಿಜ್ ಕನ್ನಡತಿ: ಮುಂದಿನ ಪಾರ್ಲಿಮೆಂಟ್ ಚುನಾವಣೆಗೆ ನಮ್ಮ ಪಕ್ಷದ ಸ್ಥಳೀಯ ಘಟಕ ಅಭ್ಯರ್ಥಿಯನ್ನು ಆರಿಸಬೇಕು. 2009ರಲ್ಲಿ ಟಾಟ್ನೆಸ್‌ನಲ್ಲಿ ಆದಂತೆ ಕ್ಷೇತ್ರದ ಎಲ್ಲರಿಗೂ ಅಂಚೆಯಲ್ಲಿ ಮತಪತ್ರ ಕಳಿಸೋಣ ಅಂತ ಕೆಲವರು, ಸದಸ್ಯರ ಸಭೆಯಲ್ಲೇ ಮುಗಿಸೋಣ ಅಂತ ಕೆಲವರು. ಹಣ ಕಡಿಮೆ, ಹಳ್ಳಿಗಳು ದೂರ ದೂರ.

ಅಂಚೆಮತ: ಟಾಟ್ನೆಸ್ ದಾರಿಯೇ ಸರಿ. ಅಲ್ಲಿನ ಸಂಸದ ಆಂಥನಿ ಸ್ಟೀನ್ ಸಂಸದರ ಭತ್ಯೆ ಗಲಾಟೆಯಲ್ಲಿ ಹಿಂದೆ ಸರಿದ ಮೇಲೆ ಕನ್ಸರ್ವೇಟಿವ್ ಪಕ್ಷ ಮೂವರನ್ನು ಸೋಸಿ, ಸುಮಾರು 69,000 ಮತದಾರರಿಗೆ ಮತಪತ್ರ ಕಳಿಸಿತು. 16,497 ವಾಪಸ್ ಬಂದವು. ಕುಟುಂಬ ವೈದ್ಯೆ ಸಾರಾ ವೊಲಾಸ್ಟನ್‌ಗೆ 7,914, ಜಿಲ್ಲಾ ಕೌನ್ಸಿಲ್ ನಾಯಕಿ ಸಾರಾ ರ‍್ಯಾಂಡಲ್ ಜಾನ್ಸನ್‌ಗೆ 5,495, ಟೋರ್‌ಬೇ ಮೇಯರ್ ನಿಕ್ ಬೈಗೆ 3,088. ರಾಜಕೀಯದಲ್ಲಿ ಹೆಸರೇ ಇಲ್ಲದವರು ಪಳಗಿದ ಇಬ್ಬರನ್ನು ಸೋಲಿಸಿದರು. 2005ರಲ್ಲಿ 1,947 ಇದ್ದ ಪಕ್ಷದ ಗೆಲುವಿನ ಅಂತರ 2010ರಲ್ಲಿ 4,927, 2015ರಲ್ಲಿ 18,285 ಆಯಿತು. ಇನ್ನೇನು ಸಾಕ್ಷಿ ಬೇಕು?

ಖರ್ಚುವೆಚ್ಚ: ದುಡ್ಡಿನ ವಿಷಯ ಯಾಕೆ ಬಿಟ್ಟಿರಿ? ಸುಮಾರು 38,000 ಪೌಂಡ್! ವಾಪಸ್ ಬಂದ ಒಂದೊಂದು ಮತಕ್ಕೆ 2.30 ಪೌಂಡ್ ಬಿತ್ತು, ಅದೂ 2009ರ ಅಂಚೆ ದರದಲ್ಲಿ. ಗ್ರಾಮೀಣ ಕ್ಷೇತ್ರದಲ್ಲಿ ಪ್ರಚಾರದ ವೆಚ್ಚಕ್ಕೆ 2024ರ ಮಿತಿ 11,390 ಪೌಂಡ್, ಜೊತೆಗೆ ಮತದಾರನಿಗೆ 12 ಪೆನ್ಸ್. 70,000 ಮತದಾರರಿದ್ದರೆ 19,790. ಇಡೀ ಪ್ರಚಾರದ ಹತ್ತಿರ ಹತ್ತಿರ ಎರಡು ಪಟ್ಟನ್ನು ಹೆಸರು ಆರಿಸಲಿಕ್ಕೇ ಸುರಿಯುತ್ತೀರಾ? ಇನ್ನು 2015ರ ಅಂತರ. ಆ ವರ್ಷ ಅಲ್ಲಿನ ಮುಖ್ಯ ಎದುರಾಳಿ ಲಿಬರಲ್ ಡೆಮಾಕ್ರಟ್‌ಗಳು ದೇಶದಲ್ಲೇ 57ರಿಂದ 8 ಸ್ಥಾನಕ್ಕೆ ಕುಸಿದರು. ಅದನ್ನು ಅಂಚೆ ಆಯ್ಕೆಯ ಫಲ ಅನ್ನಬೇಡಿ.

ಬ್ರಿಕ್ಸಮ್ ಬಂದರು: ಹಣ ಹಾಕಿದ ಪಕ್ಷಕ್ಕೆ ಕೊನೆಗೆ ಉಳಿದದ್ದೇನು? ವೊಲಾಸ್ಟನ್ 2019ರಲ್ಲಿ ಪಕ್ಷ ಬಿಟ್ಟು ಚೇಂಜ್ ಯುಕೆ ಅನ್ನುವ ಹೊಸ ಪಕ್ಷ, ಆಮೇಲೆ ಲಿಬರಲ್ ಡೆಮಾಕ್ರಟ್ ಸೇರಿದರು. ಉಪಚುನಾವಣೆಗೂ ಹೋಗಲಿಲ್ಲ. ಡಿಸೆಂಬರ್‌ನಲ್ಲಿ 12,724 ಮತಗಳಿಂದ ಸೋತರು.

ಅಂಚೆಮತ: ಸದಸ್ಯರೇ ಆರಿಸಿದವರು ಪಕ್ಷ ಬಿಟ್ಟೇ ಇಲ್ಲವೇ? ಊರಿನವರು ಆರಿಸಿದ ಸಂಸದೆ ವಿಪ್‌ಗೆ ತಲೆಬಾಗದೆ ನಿಂತರೆ ಅದು ಆ ಪದ್ಧತಿಯ ಗುಣ, ದೋಷವಲ್ಲ.

ಸಭಾಂಗಣ: ಇಬ್ಬರೂ 2023 ಮರೆತಿದ್ದೀರಿ. ಕನ್ಸರ್ವೇಟಿವ್ ಎದುರು ಯಾವ ಪಕ್ಷದವರನ್ನು ಬೆಂಬಲಿಸಬೇಕು ಅಂತ ಜನರೇ ತೀರ್ಮಾನಿಸುವ ಸೌತ್ ಡೆವನ್ ಪ್ರೈಮರಿಯಲ್ಲಿ ಊರೂರಿನ ಹಾಲ್‌ಗಳಲ್ಲಿ ಸಭೆ ನಡೆಸಿ ಅಲ್ಲೇ ಮತ ಹಾಕಿಸಿದರು. ಲಿಬರಲ್ ಡೆಮಾಕ್ರಟ್ ಕ್ಯಾರೊಲಿನ್ ವೋಡೆನ್ ಗೆದ್ದರು. 2024ರಲ್ಲಿ 22,540 ಪಡೆದು ಕನ್ಸರ್ವೇಟಿವ್ ಸಂಸದ ಆಂಥನಿ ಮ್ಯಾಂಗ್ನಲ್ ಅವರನ್ನು 7,127 ಮತಗಳಿಂದ ಸೋಲಿಸಿದರು. ಹಣ ಕಡಿಮೆ ಇದ್ದವರಿಗೆ ಇದೇ ಸರಿ. ಆದರೆ ಫಲಿತಾಂಶ ಯಾವ ಪಕ್ಷವನ್ನೂ ಕಟ್ಟಿಹಾಕುವುದಿಲ್ಲ. ಲೇಬರ್ ಮತ್ತು ಗ್ರೀನ್ ಇಬ್ಬರೂ ಕಣದಲ್ಲಿ ಉಳಿದರು. ಮತ ಒಡೆದರೆ ಏನಾಗುತ್ತದೆ ಅಂತ 1989ರ ಯಾರ್ಕ್‌ಶೈರ್‌ನ ರಿಚ್ಮಂಡ್ ಉಪಚುನಾವಣೆ ನೋಡಿ: ಕನ್ಸರ್ವೇಟಿವ್ ಪಕ್ಷದ ವಿಲಿಯಂ ಹೇಗ್ ಗೆದ್ದದ್ದು 2,634 ಅಂತರದಿಂದ, ಎದುರಿಗಿದ್ದ ಎರಡು ಮಧ್ಯಮ ಪಕ್ಷಗಳ ಮತ ಕೂಡಿಸಿದರೆ ಅವರಿಗಿಂತ ಬಹಳ ಹೆಚ್ಚು.

ಶ್ರಾಪ್‌ಶೈರ್ ಕಡೆಯವ: ಪದ್ಧತಿ ಯಾವುದಾದರೂ ಇರಲಿ, ಹೊರಗಿನವರಿಗೆ ಟಿಕೆಟ್ ಕೊಡಬೇಡಿ. ಉತ್ತರ ಶ್ರಾಪ್‌ಶೈರ್‌ನಲ್ಲಿ 2019ರಲ್ಲಿ ಕನ್ಸರ್ವೇಟಿವ್ ಗೆಲುವಿನ ಅಂತರ 22,949. 2021ರ ಡಿಸೆಂಬರ್‌ನ ಉಪಚುನಾವಣೆಗೆ ಅವರು ಬರ್ಮಿಂಗ್‌ಹ್ಯಾಮ್‌ನಿಂದ ಅಭ್ಯರ್ಥಿ ತಂದರು. ಅಲ್ಲೇ ವಾಸವಿದ್ದ ಲಿಬರಲ್ ಡೆಮಾಕ್ರಟ್ ಹೆಲೆನ್ ಮಾರ್ಗನ್, ಹಿಂದೆ ಮೂರನೇ ಸ್ಥಾನದಲ್ಲಿದ್ದವರು, 5,925 ಅಂತರದಿಂದ ಕಿತ್ತುಕೊಂಡರು.

ಖರ್ಚುವೆಚ್ಚ: ಅಲ್ಲಿನ ಹಿಂದಿನ ಸಂಸದ ಓವನ್ ಪ್ಯಾಟರ್ಸನ್ ಲಾಬಿ ಹಗರಣದ ಸಿಟ್ಟನ್ನು ಊರಿನ ಲೆಕ್ಕಕ್ಕೆ ಯಾಕೆ ಬರೆಯುತ್ತೀರಿ? ಸೌತಾಂಪ್ಟನ್‌ನಲ್ಲಿ ಹುಟ್ಟಿದ ರಿಷಿ ಸುನಕ್ 2015ರಲ್ಲಿ ಯಾರ್ಕ್‌ಶೈರ್‌ನ ರಿಚ್ಮಂಡ್‌ನಲ್ಲಿ ನಿಂತು 19,550 ಅಂತರದಿಂದ ಗೆದ್ದರು.

ಶ್ರಾಪ್‌ಶೈರ್ ಕಡೆಯವ: ಭದ್ರಕೋಟೆಯಲ್ಲಿ ಗೆದ್ದದ್ದನ್ನು ಉದಾಹರಣೆ ಅನ್ನಬೇಡಿ. ಅಂತರ ಸಣ್ಣದಿರುವ ಕ್ಷೇತ್ರದ ಮಾತು ಆಡಿ.

ಸಭಾಂಗಣ: ಜಗಳ ಸಾಕು, ಮೇಡಂ ಕಾಗದಪತ್ರಕ್ಕೆ ಸಿದ್ಧರಾಗಲಿ. 500 ಪೌಂಡ್ ಠೇವಣಿ (ಶೇ. 5 ದಾಟದಿದ್ದರೆ ಹೋಯಿತು), ಕ್ಷೇತ್ರದ 10 ಮತದಾರರ ಸಹಿ, ಮತ್ತು ಪಕ್ಷದ ಹೆಸರು ಬಳಸಲು ಅಧಿಕಾರಪತ್ರ, ನಮ್ಮ ಬಿ ಫಾರಂ ಇದ್ದಂತೆ. ಅದು ತಪ್ಪಿದರೆ ಪಕ್ಷದ ಹೆಸರೂ ಚಿಹ್ನೆಯೂ ಮತಪತ್ರದಲ್ಲಿ ಬರುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಅನಿರ್ದಿಷ್ಟ ವಾಸದ ಪರವಾನಗಿ ಇದ್ದರೆ ನಿಲ್ಲಬಹುದು. ಮನೆ ವಿಳಾಸ ಮುಚ್ಚಿಟ್ಟರೂ ಯಾವ ಕ್ಷೇತ್ರದಲ್ಲಿ ವಾಸ ಅನ್ನುವುದು ಅಚ್ಚಾಗುತ್ತದೆ, ಹೊರಗಿನವರನ್ನು ಆರಿಸುವ ಮುಂಚೆ ಇದು ಗೊತ್ತಿರಲಿ.