ಒಂದೇ ಕಾನ್ವಾಯ್, ಒಂದೇ ದಾಳಿ. ಬ್ಯಾಡ್ಜ್ ಮಾತ್ರ ಬೇರೆ ಬೇರೆ ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಅಕ್ಕನ ಮಗ ಅಮೆರಿಕದ ಆರ್ಮಿಯಲ್ಲಿ ಟ್ರಕ್ ಡ್ರೈವರ್ ಆಗಿದ್ದ, ಈಗ ಬಿಟ್ಟಿದ್ದಾನೆ. 2008ರಲ್ಲಿ ಇರಾಕ್‌ನಲ್ಲಿ ಅವರ ಕಾನ್ವಾಯ್ ಹೋಗುವಾಗ ರಸ್ತೆ ಬದಿ ಬಾಂಬ್ ಸಿಡಿದು, ಆಮೇಲೆ ಗುಂಡಿನ ಚಕಮಕಿ ಆಯಿತಂತೆ. ಕಾವಲಿಗೆ ಬಂದಿದ್ದ ಇನ್ಫೆಂಟ್ರಿ (ಕಾಲಾಳು ಪಡೆ) ಹುಡುಗರಿಗೆ ಬಂದೂಕಿನ ಚಿತ್ರದ ನೀಲಿ ಬ್ಯಾಡ್ಜ್ ಸಿಕ್ಕಿತು. ಅವರ ಮೆಡಿಕ್‌ಗೆ ಇನ್ನೊಂದು ಥರದ್ದು. ನಮ್ಮವನಿಗೆ ಏನೂ ಇಲ್ಲ. ಅವನೂ ಗುಂಡು ಹಾರಿಸಿದ್ದಾನೆ. ಇದು ಪಕ್ಷಪಾತ ಅಲ್ವಾ?

ಉತ್ತರ: ಮೇಡಂ, ನಾನು ಅಲ್ಲಿನ ಆರ್ಮಿಯಲ್ಲಿ ಎಸ್-1ನಲ್ಲಿ, ಅಂದರೆ ಬೆಟಾಲಿಯನ್ನಿನ ಸಿಬ್ಬಂದಿ ಕಾಗದಪತ್ರ ನೋಡುವ ಕಚೇರಿಯಲ್ಲಿ ಇದ್ದವನು. ಇಂಥ ಅರ್ಜಿ ಬಹಳ ನೋಡಿದ್ದೇನೆ. ನೀಲಿ ಬ್ಯಾಡ್ಜ್ ಅವನಿಗೆ ಕೊಡದೆ ಇದ್ದದ್ದು ಪಕ್ಷಪಾತ ಅಲ್ಲ, ನಿಯಮವೇ ಹಾಗಿದೆ. ಆದರೆ ಅವನಿಗೆ ಸಲ್ಲಬೇಕಾದ ಬೇರೆ ಬ್ಯಾಡ್ಜ್ ಇದೆ. ಅದನ್ನು ಯಾರೂ ಕೇಳಲೇ ಇಲ್ಲ ಅನ್ನಿಸುತ್ತದೆ.

ನೀಲಿಯದ್ದು ಕಾಂಬ್ಯಾಟ್ ಇನ್ಫೆಂಟ್ರಿಮನ್ ಬ್ಯಾಡ್ಜ್, ಸಿಐಬಿ. 1943ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹೆಚ್ಚು ಸಾಯುವವರು ಕಾಲಾಳುಗಳು, ಹೆಸರು ಮಾತ್ರ ಬೇರೆಯವರಿಗೆ ಎಂಬ ಬೇಸರ ಆಗ ಇತ್ತು. 1944ರಲ್ಲಿ ಈ ಬ್ಯಾಡ್ಜ್ ಇದ್ದವರಿಗೆ ತಿಂಗಳಿಗೆ 10 ಡಾಲರ್ ಜಾಸ್ತಿ ಸಂಬಳವನ್ನೂ ಕೊಟ್ಟರು. ಹಾಗಾಗಿ ಇದು ಧೈರ್ಯ ಅಳೆಯುವ ಬ್ಯಾಡ್ಜ್ ಅಲ್ಲ, ಒಂದು ಕೆಲಸದವರ ಗುರುತು. ಸೈನಿಕನ ಹುದ್ದೆ ಇನ್ಫೆಂಟ್ರಿ ಅಥವಾ ಸ್ಪೆಷಲ್ ಫೋರ್ಸಸ್ (ವಿಶೇಷ ಕಾರ್ಯಾಚರಣೆಯ ಪಡೆ) ಆಗಿರಬೇಕು. ಇನ್ಫೆಂಟ್ರಿ, ರೇಂಜರ್ (ದಿಢೀರ್ ದಾಳಿಯ ಕಾಲಾಳು ದಳ) ಅಥವಾ ಸ್ಪೆಷಲ್ ಫೋರ್ಸಸ್ ಯೂನಿಟ್‌ನಲ್ಲೇ ಇರಬೇಕು, ಅದೂ ಬ್ರಿಗೇಡ್ (ಕೆಲವು ಸಾವಿರ ಸೈನಿಕರ ಪಡೆ) ಮಟ್ಟ ಅಥವಾ ಅದಕ್ಕಿಂತ ಚಿಕ್ಕದರಲ್ಲಿ. ಆ ಯೂನಿಟ್ ನೆಲದ ಕಾಳಗದಲ್ಲಿರುವಾಗ ತಾನೇ ಅಲ್ಲಿದ್ದು ಶತ್ರುವಿನ ಗುಂಡಿಗೆ ಎದುರಾಗಿರಬೇಕು. ಕರ್ನಲ್‌ಗಿಂತ ಮೇಲಿನವರಿಗೆ ಇಲ್ಲ, ಜನರಲ್ ಸಾಹೇಬರು ಕೇಳುವ ಹಾಗೇ ಇಲ್ಲ.

ಮೆಡಿಕ್‌ಗೆ ಸಿಕ್ಕಿದ್ದು 1945ರಲ್ಲಿ ಬಂದ ಕಾಂಬ್ಯಾಟ್ ಮೆಡಿಕಲ್ ಬ್ಯಾಡ್ಜ್. ಕಾದಾಡುವವರ ಜೊತೆಯಲ್ಲೇ ಇದ್ದು ಚಿಕಿತ್ಸೆ ಕೊಡುವವರಿಗೆ.

ನಿಮ್ಮ ಹುಡುಗನದ್ದು ಕಾಂಬ್ಯಾಟ್ ಆ್ಯಕ್ಷನ್ ಬ್ಯಾಡ್ಜ್, ಸಿಎಬಿ. ಬಯೊನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ) ಮತ್ತು ಗ್ರೆನೇಡ್ ಚಿತ್ರದ್ದು. ಇರಾಕ್‌ನಲ್ಲಿ ಮುಂಚೂಣಿ ಅನ್ನುವುದೇ ಇರಲಿಲ್ಲ. ಟ್ರಕ್ ಓಡಿಸುವವನು, ಅಡುಗೆಯವನು, ಗುಮಾಸ್ತ ಎಲ್ಲರ ಮೇಲೂ ದಾಳಿ ಆಗುತ್ತಿತ್ತು. ಅದಕ್ಕೇ 2005ರ ಮೇನಲ್ಲಿ ಇದನ್ನು ತಂದರು. ಇಲ್ಲಿ ಹುದ್ದೆ ಯಾವುದಾದರೂ ಸರಿ. ಹಾಸ್ಟೈಲ್ ಫೈರ್ ಪೇ ಅಥವಾ ಇಮಿನೆಂಟ್ ಡೇಂಜರ್ ಪೇ, ಅಂದರೆ ಅಪಾಯಕ್ಕಾಗಿ ಕೊಡುವ ಹೆಚ್ಚುವರಿ ಸಂಬಳ, ಇರುವ ಜಾಗದಲ್ಲಿ ಕೆಲಸದ ಮೇಲಿರುವಾಗ, ತಾನೇ ಶತ್ರುವಿನ ಮೇಲೆ ದಾಳಿ ಮಾಡಿರಬೇಕು ಅಥವಾ ಶತ್ರುವಿನ ದಾಳಿಗೆ ಸಿಕ್ಕಿರಬೇಕು. ನೀವು ಹೇಳಿದ ಘಟನೆ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಇನ್ನೊಬ್ಬರು: ಹಾಗಾದರೆ ಕ್ಯಾಂಪ್ ಮೇಲೆ ಮಾರ್ಟರ್ (ದೂರದಿಂದ ಹಾರಿಸುವ ಸಿಡಿಗುಂಡು) ಬಿದ್ದರೆ ಒಳಗಿದ್ದವರಿಗೆಲ್ಲ ಸಿಎಬಿ ಸಿಗುತ್ತಾ?

ಉತ್ತರ: ಇಲ್ಲ. ಕ್ಯಾಂಪಿನ ಆ ತುದಿಯಲ್ಲಿ ಬಿತ್ತು, ಈ ತುದಿಯಲ್ಲಿ ಊಟ ಮಾಡುತ್ತಿದ್ದೆ ಅಂದರೆ ನಡೆಯುವುದಿಲ್ಲ. ಗಾಯ ಆಗುವಷ್ಟು ಹತ್ತಿರ ಇದ್ದ ಅಂತ ತೋರಿಸಬೇಕು. ಯುದ್ಧಭೂಮಿಯಲ್ಲಿ ಸುಮ್ನೆ ವರ್ಷ ಕಳೆದರೆ ಈ ಬ್ಯಾಡ್ಜ್ ಬರುವುದಿಲ್ಲ. ಯುದ್ಧಭೂಮಿಯಲ್ಲಿ ಸೇವೆ ಮಾಡಿದ ಗುರುತಿಗೆ ಬಲಗೈ ತೋಳಿನ ಮೇಲೆ ಹಾಕುವ ‘ಕಾಂಬ್ಯಾಟ್ ಪ್ಯಾಚ್’ ಬೇರೆ, ಇದು ಬೇರೆ. ಎರಡನ್ನೂ ಒಂದೇ ಅಂದುಕೊಂಡವರು ಬಹಳ ಜನ.

ಮತ್ತೊಬ್ಬರು: ನಮ್ಮ ಪಕ್ಕದ ಮನೆಯ ಅಮೆರಿಕನ್ ತಾತ ವಿಯೆಟ್ನಾಂನಲ್ಲಿ ಆರ್ಟಿಲರಿಯಲ್ಲಿ (ಫಿರಂಗಿ ದಳದಲ್ಲಿ) ಇದ್ದವರು. ಅವರಿಗೂ ಕೇಳಬಹುದಾ?

ಉತ್ತರ: ಆಗುವುದಿಲ್ಲ. ಸಿಎಬಿ ಲೆಕ್ಕ 2001ರ ಸೆಪ್ಟೆಂಬರ್ 18ರಿಂದ ಮಾತ್ರ. ವಿಯೆಟ್ನಾಂನಲ್ಲಿ ತೋಪಿನ ಪಕ್ಕ ನಿಂತು ಗುಂಡು ತಿಂದವರಿಗೆ ಇಂಥ ಬ್ಯಾಡ್ಜೇ ಇಲ್ಲ. ನನ್ನನ್ನು ಕೇಳಿದರೆ ಇದು ಅನ್ಯಾಯವೇ. ಸಿಐಬಿಯಲ್ಲೂ ಒಂದು ವಿಚಿತ್ರ ಇದೆ. ಎಷ್ಟು ಸಲ ಕಾದಾಡಿದರೂ ಒಂದು ಕಾಲಘಟ್ಟಕ್ಕೆ ಒಂದೇ. ವಿಯೆಟ್ನಾಂ, ಗ್ರೆನಡಾ, ಪನಾಮ, 1991ರ ಕೊಲ್ಲಿ ಯುದ್ಧ ಎಲ್ಲ ಸೇರಿಸಿ ಒಂದೇ ಕಾಲಘಟ್ಟ ಮಾಡಿದ್ದಾರೆ!

ಕೊಡಗಿನ ಒಬ್ಬರು: ನಮ್ಮ ಸೇನೆಯಲ್ಲಿ ಇಂಥದ್ದು ಇದೆಯೇ?

ಉತ್ತರ: ಗುಂಡಿಗೆ ಎದುರಾದ ಅಂತಲೇ ಕೊಡುವ ಬ್ಯಾಡ್ಜ್ ಇಲ್ಲ. ಶತ್ರುವಿನಿಂದ ಗಾಯಗೊಂಡರೆ ಪರಾಕ್ರಮ ಪದಕ. ಕಾರ್ಗಿಲ್ ಯುದ್ಧಭೂಮಿಯಲ್ಲಿ ಇದ್ದವರಿಗೆ ಆಪರೇಷನ್ ವಿಜಯ್ ಸ್ಟಾರ್.

ಮೊದಲ ಪ್ರಶ್ನೆ ಕೇಳಿದವರು: ಸರ್, ಇಷ್ಟು ವರ್ಷ ಆದ ಮೇಲೆ ಏನು ಮಾಡಬೇಕು? ಅವನ ಹತ್ತಿರ ಸುಟ್ಟ ಟ್ರಕ್ಕಿನ ಫೋಟೋ ಇದೆ.

ಉತ್ತರ: ಫೋಟೋ ಜೊತೆಗಿರಲಿ, ಅದೊಂದೇ ಸಾಲದು. ಆ ದಿನ ಜೊತೆಗಿದ್ದ ಇಬ್ಬರನ್ನು ಹುಡುಕಲಿ. ಪ್ರಮಾಣ ಮಾಡಿ ಬರೆದ ಸಾಕ್ಷಿ ಹೇಳಿಕೆ ಬೇಕು. ನಮ್ಮ ಮೇಜಿಗೆ ಬರುತ್ತಿದ್ದ ಹೇಳಿಕೆಗಳಲ್ಲಿ ಅರ್ಧಕ್ಕರ್ಧ ‘ದಾಳಿ ಆಯಿತು, ಇವನೂ ಇದ್ದ’ ಅಂತ ಎರಡು ಸಾಲು. ಅಂಥದ್ದು ವಾಪಸ್ ಹೋಗುತ್ತಿತ್ತು. ದಿನಾಂಕ, ಜಾಗ, ಬಾಂಬ್ ಎಷ್ಟು ದೂರದಲ್ಲಿ ಸಿಡಿಯಿತು, ಇವನ ಟ್ರಕ್ ಸಾಲಿನಲ್ಲಿ ಎಷ್ಟನೆಯದು, ಇವನು ಏನು ಮಾಡಿದ, ಎಲ್ಲ ಇರಲಿ. ಹಾಗೇ ಆ ಇನ್ಫೆಂಟ್ರಿ ಹುಡುಗರ ಬ್ಯಾಡ್ಜ್ ಆದೇಶದ ಒಂದು ಪ್ರತಿ ಸಿಕ್ಕರೆ ತರಿಸಿಕೊಳ್ಳಲಿ. ಅದೇ ದಿನಾಂಕ ಅದರಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.